ಅಂಟು ಹಾಕುವ ಮೊದಲು ಮೀಟರ್ ಇಟ್ಟು ನೋಡಿ

ಕಾರ್ ಸ್ಪೀಕರ್‌ನ ಕೋನ್ (ಸದ್ದು ಹೊರಡಿಸಲು ಅದುರುವ ಬಟ್ಟಲಿನಂಥ ಭಾಗ) ಹರಿದರೆ ಸೂಪರ್ ಗ್ಲೂ ಹಾಕಿ ಎಂದು ನಿಮ್ಮ ಬರಹದಲ್ಲಿ ಹೇಳಿದ್ದೀರಿ. ಅದು ಒಣಗಿದ ಮೇಲೆ ತುಂಬಾ ಗಟ್ಟಿ. ಕೋನ್ ಅದುರಿದಾಗ ಪಕ್ಕದಲ್ಲೇ ಮತ್ತೆ ಬಿರಿಯುತ್ತದೆ. ಪೇಪರ್ ಕೋನ್ ಆದರೆ ಟಿಶ್ಯೂ ಪೇಪರಿನ ಚೂರು, ಸ್ವಲ್ಪ ನೀರು ಬೆರೆಸಿದ ಫೆವಿಕಾಲ್ ಸಾಕು. ತೆಳ್ಳಗೆ ಹಚ್ಚಿ, ರಾತ್ರಿಯೆಲ್ಲ ಒಣಗಲು ಬಿಡಿ. ಜಾಸ್ತಿ ಬಳಿದರೆ ಕೋನ್ ಭಾರವಾಗುತ್ತದೆ. ಅಂಚಿನ ರಬ್ಬರ್ ಹರಿದಿದ್ದರೆ ಮಾತ್ರ ಬಾಗುವಂಥ ಅಂಟೇ ಬೇಕು.

ಅದಕ್ಕೂ ಮೊದಲು ವೈರ್ ಕಳಚಿ, ಒಳಗಿನ ಕಾಯಿಲ್ (ತಂತಿಯ ಸುರುಳಿ) ಸರಿಯಿದೆಯೇ ಎಂದು ನೋಡಲು ಓಮ್ (ವಿದ್ಯುತ್ ತಡೆಯ ಅಳತೆ) ತೋರಿಸುವ ಮಲ್ಟಿಮೀಟರ್ ಇಡಿ. 4 ಓಮ್ ಸ್ಪೀಕರ್ ಸಾಮಾನ್ಯವಾಗಿ 3ರಿಂದ 4 ಓಮ್ ಒಳಗೆ ತೋರಿಸುತ್ತದೆ. ಆಮೇಲೆ ಕೋನ್‌ನ ಎರಡೂ ಬದಿ ಬೆರಳಿಟ್ಟು ಮೆಲ್ಲಗೆ ಒತ್ತಿ. ಕರಕರ ಅಂದರೆ ಒಳಗೆ ಕಾಯಿಲ್ ಉಜ್ಜುತ್ತಿರಬಹುದು. ಆಗ ಕೋನ್‌ಗೆ ತೇಪೆ ಹಾಕಿದರೂ ಸುಮ್ನೆ ದಂಡ, ಅಲ್ವಾ? ವಾಪಸ್ ಕೂರಿಸುವಾಗ ಪ್ಲಸ್, ಮೈನಸ್ ಅದಲುಬದಲಾದರೆ ಬೇಸ್ (ತಗ್ಗು ಸ್ವರದ ಸದ್ದು) ಸೊರಗುತ್ತದೆ, ನೋಡಿಕೊಳ್ಳಿ.