ಮಳೆ ಆಚೆಗೆ, ಟ್ಯಾಂಕರ್ ಒಳಗೆ

ಬೆಂಗಳೂರಿನ ವಿಲ್ಲಾ ಲೇಔಟುಗಳಲ್ಲಿ ನೀರಿನ ಕಾನೂನು ಬಹಳ ಸರಳ. ಪುಕ್ಕಟೆ ಬಂದದ್ದು ಗೇಟಿನಿಂದ ಆಚೆ ಹೋಗಬೇಕು. ದುಡ್ಡು ಕೊಟ್ಟು ತರಿಸಿದ್ದು ಸಂಪಿಗೆ ಇಳಿಯಬೇಕು.

60x40 ಸೈಟಿನ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 11 ಸಾವಿರ ಲೀಟರ್ ನೀರು. ಹೆಚ್ಚುಕಡಿಮೆ ಒಂದು ದೊಡ್ಡ ಟ್ಯಾಂಕರ್. 2024ರ ಮಾರ್ಚಿನಲ್ಲಿ ಜಿಲ್ಲಾಡಳಿತ ದರ ನಿಗದಿ ಮಾಡಿದಾಗ, 12 ಸಾವಿರ ಲೀಟರಿನ ಟ್ಯಾಂಕರಿಗೆ ಐದು ಕಿಲೋಮೀಟರಿನೊಳಗೆ 1,000 ರೂಪಾಯಿ ಇತ್ತು. ಅಂದರೆ ಪ್ರತಿ ಜೋರು ಮಳೆಗೂ ಮನೆಗೊಂದು ಸಾವಿರ ಮೋರಿಗೆ ಹೋಗುತ್ತದೆ.

ಮೋರಿ ಇದ್ದರೆ, ಅನ್ನಿ. ಅದರ ಮೇಲೆ ಕಾರಿನ ರ‍್ಯಾಂಪ್ ಕೂತಿದೆ. ರ‍್ಯಾಂಪ್ ಒಡೆದರೆ ಕಾರು ಎಲ್ಲಿಡೋದು, ಅಲ್ವಾ?

ಇನ್ನು ಅಂಗಳ. ಮಣ್ಣು ಕಂಡರೆ ಗಲೀಜು ಅನ್ನುತ್ತೇವೆ. ಕಾಂಪೌಂಡಿನಿಂದ ಕಾಂಪೌಂಡಿಗೆ ಟೈಲ್ಸ್. ತೆಂಗಿನ ಮರ ಉಳಿದಿದ್ದರೆ ಅದರ ಬುಡಕ್ಕೂ ಸಿಮೆಂಟು. ಒಂದು ಹನಿಯೂ ಇಂಗುವುದಿಲ್ಲ. ಆಮೇಲೆ ಬೋರ್‌ವೆಲ್ ಬತ್ತಿತು ಅಂತ ಗೋಳು.

ಮಳೆ ನೀರು ಕೊಯ್ಲು ಕಡ್ಡಾಯ ಅಂತ 2009ರಲ್ಲೇ ಕಾನೂನಾಗಿದೆ. ನಾವೇನು ಕಾನೂನು ಮುರಿಯುವವರಲ್ಲ. ನೀಲಿ ಡ್ರಮ್ಮು ಇಟ್ಟಿದ್ದೇವೆ. ತಾರಸಿಯ ಪೈಪು ಅದರ ಪಕ್ಕದ ತನಕ ಬಂದು ನಿಂತಿದೆ. ಫೋಟೋದಲ್ಲಿ ಎರಡೂ ಚೆನ್ನಾಗಿ ಬರುತ್ತವೆ.

ನಿಜವಾದ ಕದನ ಎತ್ತರದ್ದು. ಹಳೇ ಮನೆಯವರು ಪಾಯವನ್ನು ರಸ್ತೆಗಿಂತ ಎರಡಡಿ ಮೇಲೆ ಕಟ್ಟಿದ್ದರು. ರಸ್ತೆಯವರು ಹಳೇ ಡಾಂಬರು ಕೆರೆಯದೆ ಅದರ ಮೇಲೇ ಹೊಸದು ಸುರಿದರು. ಮತ್ತೆ ಸುರಿದರು. ಎದುರಿಗೆ ಹೊಸ ಮನೆ ಕಟ್ಟಿದವರು ನಾಲ್ಕಡಿ ಏರಿಸಿದರು. ಈಗ ಅವರ ಮಳೆ ಇವರ ದಿವಾನಖಾನೆಗೆ ಬಂದು ಸೋಫಾ ಕೆಳಗೆ ಮಲಗುತ್ತದೆ. ಪರಿಹಾರಕ್ಕಾಗಿ ಇವರೂ ಬಾಗಿಲಿಗೆ ಅಡ್ಡಗಟ್ಟೆ ಕಟ್ಟಿಸಿದ್ದಾರೆ. ನೀರು ಒಳಗೆ ಬರುವುದಿಲ್ಲ, ಬಂದದ್ದು ಹೊರಗೆ ಹೋಗುವುದೂ ಇಲ್ಲ.

2022ರ ಸೆಪ್ಟೆಂಬರಿನಲ್ಲಿ ಸರ್ಜಾಪುರ ರಸ್ತೆಯ ಕಡೆ ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳಿಂದ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಒಂದು ಕೆರೆ ತುಂಬಿದರೆ ಮುಂದಿನ ಕೆರೆಗೆ ನೀರು ಹೋಗಲು ಹಿಂದಿನವರು ರಾಜಕಾಲುವೆ ಬಿಟ್ಟಿದ್ದರು. ನಾವು ಅದನ್ನು ಸೈಟು ಮಾಡಿ ಅಳೆದುಕೊಂಡೆವು. ನೀರು ಹಳೇ ದಾರಿಯಲ್ಲೇ ಬಂತು, ಅಡ್ಡ ಸಿಕ್ಕಿದ್ದು ಮಾಡ್ಯುಲರ್ ಕಿಚನ್.

ಇದರಿಂದ ಪಾಠ ಕಲಿಯದೆ ಇರುತ್ತೇವೆಯೇ? ಅಸೋಸಿಯೇಷನ್ ಸಭೆ ಸೇರಿದೆ. ಮುಂದಿನ ಮಳೆಗಾಲಕ್ಕೆ ಸ್ವಂತ ಟ್ರ್ಯಾಕ್ಟರ್ ಬೇಕು ಎಂದು ಒಮ್ಮತವಾಗಿದೆ. ಅದನ್ನು ನಿಲ್ಲಿಸಲು ಜಾಗ ಇಲ್ಲದ್ದರಿಂದ, ಉಳಿದಿರುವ ಒಂದೇ ಪಾರ್ಕಿಗೂ ಕಾಂಕ್ರೀಟ್ ಹಾಕಿಸಲು ಕೊಟೇಶನ್ ಕರೆಯಲಾಗಿದೆ.