ಮಾರ್ಷಲ್ ವಂಶ ಅಳಿಯಿತು ಅಂತ ಯಾರು ಹೇಳಿದ್ದು?

ಮಧ್ಯಯುಗದ ಇಂಗ್ಲೆಂಡಿನ ಬಗ್ಗೆ ಯೂಟ್ಯೂಬಲ್ಲಿ ಏನೇ ಹುಡುಕಿ, ವಿಲಿಯಂ ಮಾರ್ಷಲ್ ಎದುರಾಗುತ್ತಾನೆ. ಶ್ರೇಷ್ಠರಲ್ಲಿ ಶ್ರೇಷ್ಠ ನೈಟ್, ಐದು ರಾಜರ ಕಾಲ ಕಂಡವನು. ಕುದುರೆ, ಈಟಿ, ರಕ್ತ, ಹಿನ್ನೆಲೆಗೆ ಅಬ್ಬರದ ಸಂಗೀತ. ಕೊನೆಗೆ ಒಬ್ಬ ಬಿಷಪ್ಪನ ಶಾಪ. ಐದು ಗಂಡುಮಕ್ಕಳೂ ಸಂತಾನವಿಲ್ಲದೆ ಸತ್ತರು, ವಂಶ ನಿರ್ನಾಮವಾಯಿತು, ಶುಭಂ. ಈ ಕೊನೆ ಕೇಳಿದಾಗೆಲ್ಲ ನನಗೆ ಮೈ ಉರಿಯುತ್ತದೆ. ಆ ಮನುಷ್ಯನಿಗೆ ಐದು ಜನ ಹೆಣ್ಣುಮಕ್ಕಳೂ ಇದ್ದರು ಸ್ವಾಮಿ!

ಮೊದಲು ಅವನ ಅಪ್ಪನ ಕಥೆ ಹೇಳಿಬಿಡುತ್ತೇನೆ, ಯಾಕಂದ್ರೆ ಬಿಡೋಕೆ ಮನಸ್ಸಾಗುವುದಿಲ್ಲ. 1152ರಲ್ಲಿ ರಾಜ ಸ್ಟೀಫನ್ ನ್ಯೂಬರಿಯ ಕೋಟೆಗೆ ಮುತ್ತಿಗೆ ಹಾಕಿದ. ಕೋಟೆ ಜಾನ್ ಮಾರ್ಷಲ್‌ನದು. ಜಾನ್ ಸಂಧಿಯ ಮಾತಾಡಿ, ಐದಾರು ವರ್ಷದ ಮಗ ವಿಲಿಯಂನನ್ನು ಒತ್ತೆ ಇಟ್ಟ. ಆಮೇಲೆ ಮಾತಿಗೆ ತಪ್ಪಿ ಕೋಟೆಯೊಳಗೆ ಸೈನಿಕರನ್ನೂ ದವಸವನ್ನೂ ತುಂಬಿಸಿಕೊಂಡ. ಮಗನನ್ನು ನೇಣಿಗೆ ಹಾಕುತ್ತೇವೆ ಅಂತ ಹೇಳಿ ಕಳಿಸಿದರೆ ಬಂದ ಉತ್ತರ: ಹಾಕಿಕೊಳ್ಳಿ, ಇನ್ನೂ ಒಳ್ಳೆಯ ಮಕ್ಕಳನ್ನು ಮಾಡುವ ಸುತ್ತಿಗೆ ಮತ್ತು ಅಡಿಗಲ್ಲು ನನ್ನ ಹತ್ತಿರ ಇವೆ. ಸ್ಟೀಫನ್‌ಗೆ ಆ ಮಗುವನ್ನು ಕೊಲ್ಲಲು ಮನಸ್ಸು ಬರಲಿಲ್ಲ. ಡೇರೆಯಲ್ಲಿ ಕೂರಿಸಿಕೊಂಡು ಗಿಡದ ದಂಟುಗಳನ್ನೇ ಸೈನಿಕರನ್ನಾಗಿ ಮಾಡಿ ಅವನ ಜೊತೆ ಆಟ ಆಡಿದ. ಹುಡುಗ ರಾಜನ ದಂಟಿನ ತಲೆ ಹಾರಿಸಿ ಗೆದ್ದನಂತೆ. ವಿಲಿಯಂ ಸತ್ತ ಮೇಲೆ ಅವನ ಹಿರಿಮಗ ಬರೆಸಿದ ಜೀವನಕಾವ್ಯವೊಂದಿದೆ, 19,000 ಸಾಲಿಗೂ ಜಾಸ್ತಿ, ಹಳೆ ಫ್ರೆಂಚಿನಲ್ಲಿ. ಈ ಕಥೆಯೆಲ್ಲ ಅಲ್ಲಿಂದ ಬಂದದ್ದು. ಮಗ ದುಡ್ಡು ಕೊಟ್ಟು ಬರೆಸಿದ್ದು ಅನ್ನುವುದನ್ನು ನೆನಪಿಟ್ಟುಕೊಂಡೇ ಓದಬೇಕು.

ಕಿರಿಯ ಮಗನಾದ್ದರಿಂದ ವಿಲಿಯಂ ಪಾಲಿಗೆ ಜಮೀನು ಅಂತ ಏನೂ ಇರಲಿಲ್ಲ. ನಾರ್ಮಂಡಿಯಲ್ಲಿದ್ದ ತಾಯಿ ಕಡೆಯ ನೆಂಟರ ಮನೆಯಲ್ಲಿ ಯುದ್ಧವಿದ್ಯೆ ಕಲಿತ. ಅಲ್ಲಿ ಅವನಿಗೆ ತಿಂಡಿಪೋತ ಅಂತ ಅಡ್ಡಹೆಸರು. ಆಮೇಲೆ ಟೂರ್ನಮೆಂಟುಗಳೇ ಅವನ ಹೊಟ್ಟೆಪಾಡು. ಆಗಿನ ಟೂರ್ನಮೆಂಟ್ ಅಂದರೆ ಸಿನಿಮಾದಲ್ಲಿ ತೋರಿಸುವ ಹಾಗೆ ಇಬ್ಬರು ಎದುರುಬದುರು ಓಡುವ ಆಟವಲ್ಲ. ಊರುಗಳ ನಡುವಿನ ಬಯಲಲ್ಲಿ ಎರಡು ಗುಂಪುಗಳ ಹೊಡೆದಾಟ. ಸೋತು ಸೆರೆಸಿಕ್ಕವನ ಕುದುರೆ, ಕವಚ, ಬಿಡುಗಡೆಯ ಹಣ ಎಲ್ಲ ಗೆದ್ದವನಿಗೆ. ಒಮ್ಮೆ ಬಹುಮಾನ ಕೊಡಲು ಹುಡುಕಿಕೊಂಡು ಬಂದವರಿಗೆ ವಿಲಿಯಂ ಸಿಕ್ಕಿದ್ದು ಕಮ್ಮಾರನ ಕುಲುಮೆಯಲ್ಲಿ. ಏಟಿಗೆ ಜಜ್ಜಿಹೋದ ಶಿರಸ್ತ್ರಾಣ ತಲೆಯಿಂದ ಬರುತ್ತಲೇ ಇರಲಿಲ್ಲ. ಅಡಿಗಲ್ಲಿನ ಮೇಲೆ ತಲೆ ಇಟ್ಟು ಮಲಗಿದ್ದ, ಕಮ್ಮಾರ ಬಡಿದು ಬಿಡಿಸುತ್ತಿದ್ದ. ಅಪ್ಪನ ಮಾತು ಇಷ್ಟು ನೇರವಾಗಿ ಮಗನ ತಲೆಗೇ ಬಂತಲ್ಲ!

ಇಲ್ಲಿಯವರೆಗೆ ವಿಡಿಯೊಗಳಲ್ಲೂ ಸಿಗುತ್ತದೆ. ಅವು ಓಡಿಸಿಕೊಂಡು ಹೋಗುವ ಭಾಗಕ್ಕೆ ಬರುತ್ತೇನೆ.

1168ರಲ್ಲಿ ಫ್ರಾನ್ಸಿನ ಪ್ವಾಟೂವಿನಲ್ಲಿ ಅವನ ಸೋದರಮಾವನನ್ನು ಕೊಂದು, ತೊಡೆಗೆ ಗಾಯವಾಗಿದ್ದ ವಿಲಿಯಂನನ್ನು ಶತ್ರುಗಳು ಹಿಡಿದೊಯ್ದರು. ಯಾರೋ ಒಬ್ಬ ಹೆಂಗಸು ರೊಟ್ಟಿಯೊಳಗೆ ಬಟ್ಟೆಯ ಪಟ್ಟಿ ಅಡಗಿಸಿ ಕಳಿಸಿದ್ದರಿಂದ ಗಾಯ ಕಟ್ಟಿಕೊಳ್ಳಲು ಸಾಧ್ಯವಾಯಿತು. ಹಣ ಕೊಟ್ಟು ಬಿಡಿಸಿದವಳು ಆಗಿನ ರಾಜ ಎರಡನೇ ಹೆನ್ರಿಯ ಹೆಂಡತಿ, ರಾಣಿ ಎಲಿನೋರ್. ಅಲ್ಲಿಂದ ಅವನ ನಸೀಬು ತಿರುಗಿತು. ಆದರೂ ನಲವತ್ತು ದಾಟುವವರೆಗೆ ಅವನು ದೊಡ್ಡವರ ಆಶ್ರಯದಲ್ಲಿದ್ದ ಕತ್ತಿವೀರ, ಅಷ್ಟೇ. ಅರ್ಲ್ (ರಾಜನ ಕೆಳಗಿನ ದೊಡ್ಡ ಜಹಗೀರುದಾರ) ಗಿರ್ಲ್ ಏನೂ ಅಲ್ಲ.

1189ರಲ್ಲಿ ಅವನ ಮದುವೆಯಾಯಿತು. ಹುಡುಗಿ ಇಸಬೆಲ್ ಡಿ ಕ್ಲೇರ್, ವಯಸ್ಸು ಹದಿನೇಳರ ಆಸುಪಾಸು. ಅಪ್ಪ ಸ್ಟ್ರಾಂಗ್‌ಬೋ ಅಂತ ಹೆಸರಾದ ರಿಚರ್ಡ್ ಡಿ ಕ್ಲೇರ್. ಅಮ್ಮ ಈಫಾ, ಐರ್ಲೆಂಡಿನ ಲೆನ್‌ಸ್ಟರ್ ರಾಜನ ಮಗಳು. ಅಪ್ಪನೂ ತಮ್ಮನೂ ತೀರಿಹೋಗಿದ್ದರಿಂದ ಆಸ್ತಿಯೆಲ್ಲ ಇವಳದು: ವೇಲ್ಸ್ ಗಡಿಯ ಚೆಪ್‌ಸ್ಟೋ, ಪೆಂಬ್ರೋಕ್ ಮೇಲಿನ ಹಕ್ಕು, ಇಡೀ ಲೆನ್‌ಸ್ಟರ್. ಇಂಥ ಹುಡುಗಿ ರಾಜನ ಸುಪರ್ದಿಯಲ್ಲಿರುತ್ತಿದ್ದಳು. ರಾಜ ತನಗೆ ಬೇಕಾದವನಿಗೆ ಬಹುಮಾನದ ಹಾಗೆ ಅವಳನ್ನು ಕೊಡುತ್ತಿದ್ದ. ಅವಳ ಒಪ್ಪಿಗೆ ಕೇಳುವವರಿರಲಿಲ್ಲ. ಇದನ್ನು ಪ್ರೇಮಕಥೆ ಅಂತ ಬಣ್ಣ ಹಚ್ಚಲು ನಾನು ತಯಾರಿಲ್ಲ. ಆದರೆ ಲೆಕ್ಕ ಸ್ಪಷ್ಟ ಇರಲಿ: ಅವನು ಅರ್ಲ್ ಆಫ್ ಪೆಂಬ್ರೋಕ್ ಆದದ್ದು ಕತ್ತಿಯಿಂದಲ್ಲ, ಹೆಂಡತಿಯಿಂದ.

ಅವಳು ಬರೀ ಜಮೀನು ತಂದುಕೊಟ್ಟು ಸುಮ್ನೆ ಕೂತವಳೂ ಅಲ್ಲ. 1207ರಲ್ಲಿ ರಾಜ ಜಾನ್‌ಗೆ ವಿಲಿಯಂ ಮೇಲೆ ಅನುಮಾನ. ಇಂಗ್ಲೆಂಡಿಗೆ ಬಾ ಅಂತ ಕರೆಸಿಕೊಂಡ. ಅಷ್ಟರಲ್ಲಾಗಲೇ ಹಿರಿಯ ಮಗನೂ ಎರಡನೆಯವನೂ ರಾಜನ ಬಳಿ ಒತ್ತೆಯಾಳುಗಳು. ಮಕ್ಕಳನ್ನು ಕೊಡುವುದು ಇಸಬೆಲ್‌ಗೆ ಇಷ್ಟವಿರಲಿಲ್ಲ. ಐದು ವರ್ಷಕ್ಕೇ ನೇಣಿನ ಹತ್ತಿರ ಹೋಗಿಬಂದವನು ಮಕ್ಕಳನ್ನು ಹೇಗೆ ಕೊಟ್ಟನೋ! ಐರ್ಲೆಂಡ್ ಬಿಡುವ ಮೊದಲು ವಿಲಿಯಂ ಕಿಲ್ಕೆನಿಯಲ್ಲಿ ಸಾಮಂತರನ್ನೆಲ್ಲ ಸೇರಿಸಿ, ಬಸುರಿ ಹೆಂಡತಿಯನ್ನು ಎದುರಿಗೆ ನಿಲ್ಲಿಸಿ ಹೇಳಿದ್ದರ ಸಾರ ಇಷ್ಟು: ನಿಮಗೆ ಈ ನೆಲ ಕೊಟ್ಟವನ ಮಗಳು ಇವಳು. ನನಗೆ ಇಲ್ಲಿ ಇರುವುದೆಲ್ಲ ಇವಳಿಂದಲೇ. ಇವಳನ್ನು ಕಾಪಾಡಿ.

ಅವನು ಸಮುದ್ರ ದಾಟಿದ್ದೇ ತಡ, ರಾಜನ ಕಡೆಯ ಮೈಲರ್ ಫಿಟ್ಸ್‌ಹೆನ್ರಿಯ ಜನ ದಂಡೆತ್ತಿ ಬಂದರು. ಇಸಬೆಲ್ ಕಿಲ್ಕೆನಿಯ ಗೋಡೆ ಮೇಲಿಂದ ಒಬ್ಬನನ್ನು ಕೆಳಗಿಳಿಸಿ ತಮ್ಮವರಿಗೆ ಸುದ್ದಿ ಮುಟ್ಟಿಸಿದಳು. ಅತ್ತ ಇಂಗ್ಲೆಂಡಿನಲ್ಲಿ ರಾಜ ಜಾನ್, ನಿನ್ನ ಕೋಟೆಗೆ ಮುತ್ತಿಗೆ ಬಿದ್ದಿದೆ, ನಿನ್ನ ಮುಖ್ಯ ಜನ ಸತ್ತಿದ್ದಾರೆ ಅಂತ ವಿಲಿಯಂಗೆ ಚುಚ್ಚಿ ಹೇಳಿದ. ಚಳಿಗಾಲದ ಬಿರುಗಾಳಿಗೆ ಹಡಗುಗಳೇ ಬರುತ್ತಿರಲಿಲ್ಲ, ಸುದ್ದಿ ಎಲ್ಲಿಂದ ಬರಬೇಕು? ಕಟ್ಟಿದ ಕಥೆ. ಕಡಲು ತಿಳಿಯಾದ ಮೇಲೆ ನಿಜ ಸುದ್ದಿ ಬಂತು: ಇಸಬೆಲ್ ಕಡೆಯವರು ಗೆದ್ದಿದ್ದರು, ಮೈಲರ್ ತನ್ನ ಮಗನನ್ನೇ ಅವಳಿಗೆ ಒತ್ತೆ ಕೊಟ್ಟಿದ್ದ. ಆ ಹೊತ್ತಿನ ರಾಜನ ಮುಖ ನೋಡಬೇಕಿತ್ತು ಅನಿಸುತ್ತದೆ ನನಗೆ.

ರಾಜನ ಅಧಿಕಾರಕ್ಕೆ ಲಗಾಮು ಹಾಕಿದ ಮ್ಯಾಗ್ನಾ ಕಾರ್ಟಾ ಒಪ್ಪಂದದ ಕಾಲದಲ್ಲಿ ಅಪ್ಪ ರಾಜನ ಕಡೆ, ಹಿರಿಮಗ ಬಂಡೆದ್ದ ಬ್ಯಾರನ್ನರ ಕಡೆ. 1216ರಲ್ಲಿ ಜಾನ್ ಸತ್ತು ಒಂಬತ್ತು ವರ್ಷದ ಹುಡುಗ ಮೂರನೇ ಹೆನ್ರಿ ಪಟ್ಟಕ್ಕೆ ಬಂದಾಗ ಎಪ್ಪತ್ತರ ಹತ್ತಿರದ ವಿಲಿಯಂ ರಾಜ್ಯ ನೋಡಿಕೊಂಡ. ಮರುವರ್ಷ ಲಿಂಕನ್ ಯುದ್ಧ ಗೆದ್ದ. ಇದರ ಬಗ್ಗೆ ಬೇಕಾದಷ್ಟು ಬರೆದವರಿದ್ದಾರೆ, ಮುಂದೆ ಹೋಗುತ್ತೇನೆ.

1219ರ ಮೇ ತಿಂಗಳಲ್ಲಿ ಕ್ಯಾವರ್‌ಶಮ್‌ನ ಮನೆಯಲ್ಲಿ ಅವನು ಸತ್ತ. ಕೊನೆಯ ದಿನಗಳಲ್ಲಿ ಒಮ್ಮೆ ಹಾಡಬೇಕು ಅನಿಸುತ್ತಿದೆ ಅಂದನಂತೆ. ನೀವು ಹಾಡುವುದು ಬೇಡ, ಹೆಣ್ಣುಮಕ್ಕಳು ಹಾಡಲಿ ಅಂದರು. ಹಿರಿಯವಳು ಮೌಡ್ ಹಾಡಿದಳು. ಕಿರಿಯವಳು ಜೋನ್ ನಾಚಿಕೊಂಡು ಮೆಲ್ಲನೆ ಶುರು ಮಾಡಿದಳು. ಅಪ್ಪ ತಡೆದು, ಹಾಗೆ ಹೆದರಿಕೊಂಡು ಹಾಡಬಾರದಮ್ಮಾ, ಹೀಗೆ ಹಾಡು ಅಂತ ಹೇಳಿಕೊಟ್ಟ. ಅಡಿಗಲ್ಲಿನ ಮಾತಾಡಿದವನ ಮಗ ಇವನು!

ಮುಂದೆ ಗಂಡುಮಕ್ಕಳ ಸರದಿ. ಅಪ್ಪನ ಹೆಸರನ್ನೇ ಇಟ್ಟುಕೊಂಡ ಹಿರಿಯವನು ವಿಲಿಯಂ 1231ರಲ್ಲಿ ಸತ್ತ, ರಿಚರ್ಡ್ 1234ರಲ್ಲಿ ಯುದ್ಧದ ಗಾಯದಿಂದ. ಗಿಲ್ಬರ್ಟ್ 1241ರಲ್ಲಿ ಟೂರ್ನಮೆಂಟಿನಲ್ಲಿ ಕುದುರೆಯಿಂದ ಬಿದ್ದು ಸತ್ತ. ಅಪ್ಪನಿಗೆ ಅನ್ನ ಕೊಟ್ಟದ್ದೇ ಮಗನ ಜೀವ ತೆಗೆಯಿತು. ವಾಲ್ಟರ್ ಮತ್ತು ಆನ್ಸೆಲ್ಮ್ 1245ರ ಕೊನೆಯಲ್ಲಿ ಒಬ್ಬರ ಹಿಂದೆ ಒಬ್ಬರು. ಯಾರಿಗೂ ವಾರಸುದಾರರಿಲ್ಲ. ಐರ್ಲೆಂಡಿನ ಫರ್ನ್ಸ್ ಬಿಷಪ್‌ನ ಎರಡು ಹಳ್ಳಿಗಳನ್ನು ಅಪ್ಪ ವಿಲಿಯಂ ಕಿತ್ತುಕೊಂಡಿದ್ದ, ಮಕ್ಕಳು ವಾಪಸ್ ಕೊಡಲಿಲ್ಲ, ಅದಕ್ಕೇ ಶಾಪ ತಟ್ಟಿತು ಅಂತ ಆ ಕಾಲದ ಒಬ್ಬ ಸನ್ಯಾಸಿ ಬರೆದಿಟ್ಟ. ವಿಡಿಯೊ ಮಾಡುವವರಿಗೆ ಅಷ್ಟು ಸಾಕಾಯಿತು.

ಅಲ್ಲಿಯ ಕಾನೂನು ನೋಡಿ. ಗಂಡುಮಕ್ಕಳಿದ್ದರೆ ಹಿರಿಯನಿಗೇ ಪೂರ್ತಿ ಆಸ್ತಿ. ಹೆಣ್ಣುಮಕ್ಕಳೇ ಉಳಿದರೆ ಸಮಪಾಲು. ಹಾಗಾಗಿ ಲೆನ್‌ಸ್ಟರ್ ಐದು ಭಾಗವಾಯಿತು. ಕಾರ್ಲೋ ಮೌಡ್ ಕಡೆಗೆ, ಕಿಲ್ಕೆನಿ ಅಮ್ಮನ ಹೆಸರನ್ನೇ ಹೊತ್ತ ಮಗಳು ಇಸಬೆಲ್ ಕಡೆಗೆ, ವೆಕ್ಸ್‌ಫರ್ಡ್ ಜೋನ್ ಕಡೆಗೆ, ಕಿಲ್ಡೇರ್ ಸಿಬಿಲ್ ಕಡೆಗೆ, ಲೀಶ್ ಈವಾ ಕಡೆಗೆ. ಸಿಬಿಲ್‌ಗೆ ಏಳು ಹೆಣ್ಣುಮಕ್ಕಳು, ಅವಳ ಪಾಲು ಮತ್ತೆ ಏಳಾಯಿತು. ಜೋನ್‌ಳ ಮಗಳ ಕೈಹಿಡಿದವನಿಗೆ ಪೆಂಬ್ರೋಕ್ ಹೋಯಿತು. ಅಂದರೆ ಅದು ಬಂದದ್ದೂ ಹೆಣ್ಣಿನ ಜೊತೆ, ಹೋದದ್ದೂ ಹೆಣ್ಣಿನ ಜೊತೆ. ಇಸಬೆಲ್‌ಳ ಮಗಳ ಮೊಮ್ಮಗ ಯಾರು ಗೊತ್ತಾ? ಸ್ಕಾಟ್ಲೆಂಡಿನ ರಾಜ ರಾಬರ್ಟ್ ಬ್ರೂಸ್. ಹೀಗಿರುವಾಗ ನಿರ್ವಂಶ ಅನ್ನುವುದಕ್ಕೆ ನಾಲಿಗೆ ಹೇಗೆ ಹೊರಳುತ್ತದೆ?

ಪಾಲಾಗುವ ಹೊತ್ತಿಗೆ ಐವರಲ್ಲಿ ಬದುಕಿದ್ದವಳು ಮೌಡ್ ಒಬ್ಬಳೇ. ರಾಜನ ಮಾರ್ಷಲ್ ಹುದ್ದೆ ಇಂಗ್ಲೆಂಡಿನ ದಂಡಿಗೆ ಸಂಬಂಧಪಟ್ಟದ್ದು, ಅಪ್ಪ, ಅಜ್ಜನ ಕಾಲದಿಂದ ಆ ಮನೆಗೆ ಹೆಸರು ಕೊಟ್ಟದ್ದು. 1246ರಲ್ಲಿ ಅದರ ಹಕ್ಕು ಅವಳಿಗೇ ಬಂತು. ಮೌಡ್ ಅದನ್ನು ಮುಚ್ಚಿಡಲಿಲ್ಲ. ಎರಡು ಮದುವೆಗಳಿಂದ ನಾರ್‌ಫೋಕ್ ಮತ್ತು ವಾರೆನ್‌ನ ಕೌಂಟೆಸ್ (ಅರ್ಲ್‌ನ ಹೆಂಡತಿ) ಆಗಿದ್ದವಳು, ತನ್ನ ಪತ್ರಗಳಲ್ಲಿ ಅವುಗಳ ಜೊತೆಗೇ ಇಂಗ್ಲೆಂಡಿನ ಮಾರ್ಷಲ್ ಅಂತಲೂ ಬರೆಸಿಕೊಂಡಳು.