ಹೌದೆನ್ನುವ ನಾಡು

ನಾಡಿಗೆ ಹೆಸರಿಡುವವರು ಅಲ್ಲಿನ ನದಿಯನ್ನು ನೋಡುತ್ತಾರೆ, ಬೆಟ್ಟವನ್ನು ನೋಡುತ್ತಾರೆ, ಏನೂ ಸಿಗದಿದ್ದರೆ ಆಳುವ ದೊರೆಯ ಮುಖ ನೋಡುತ್ತಾರೆ. ಫ್ರಾನ್ಸಿನ ದಕ್ಷಿಣದ ಒಂದು ಸೀಮೆಗೆ ಮಾತ್ರ ಅಲ್ಲಿನ ಜನ 'ಹೌದು' ಎನ್ನುವ ಬಗೆಯಿಂದಲೇ ಹೆಸರು ಬಿದ್ದಿದೆ. ಲಾಂಗ್‌ದೊಕ್ ಎಂದರೆ 'ಒಕ್' ಎನ್ನುವವರ ನುಡಿ. 'ಒಕ್' ಎಂದರೆ ಹೌದು. ದ್ರಾಕ್ಷಾರಸ ಬಲ್ಲವರು ಈ ಹೆಸರನ್ನು ಸೀಸೆಯ ಮೇಲೆ ಓದಿರುತ್ತಾರೆ. ನಾನು ಓದಿದ್ದು ಭೂಪಟದಲ್ಲಿ ಎಂಬುದನ್ನು ಮನೆಯವರ ಸಮಾಧಾನಕ್ಕಾಗಿ ಇಲ್ಲಿಯೇ ಹೇಳಿಬಿಡುತ್ತೇನೆ.

ಈ 'ಒಕ್'ನ ಅಜ್ಜಿ ಲ್ಯಾಟಿನ್. ಸೋಜಿಗವೆಂದರೆ, ಅಜ್ಜಿಯ ಮನೆಯಲ್ಲಿ ಹೌದು ಎನ್ನಲು ಇಂಥದ್ದೇ ಎಂಬ ಒಂದು ಪದವಿರಲಿಲ್ಲ. 'ಬಂದೆಯಾ?' ಎಂದು ಕೇಳಿದರೆ ರೋಮನ್ನರು 'ಬಂದೆ' ಎನ್ನುತ್ತಿದ್ದರು, ನಾವು ಇಂದಿಗೂ ಅನ್ನುವಂತೆಯೇ. ಇಲ್ಲವೇ 'ಹಾಗೆಯೇ', 'ಖಂಡಿತ' ಎಂದು ಏನಾದರೊಂದು ಹೇಳಿ ಮುಗಿಸುತ್ತಿದ್ದರು. ಅಷ್ಟು ದೊಡ್ಡ ಸಾಮ್ರಾಜ್ಯದಲ್ಲಿ ಹೌದಪ್ಪನ ಚಾವಡಿಗಳಿಗೇನೂ ಕೊರತೆ ಇದ್ದಿರಲಾರದು. ಹೌದಪ್ಪಂದಿರ ಬಾಯಿಗೆ ಸುಲಭವಾದ ಪದವೊಂದು ಒದಗಿರಲಿಲ್ಲ, ಅಷ್ಟೇ.

ಮೊಮ್ಮಕ್ಕಳು ಆ ಕೊರತೆಯನ್ನು ತಮಗೆ ತೋಚಿದಂತೆ ತುಂಬಿಕೊಂಡರು. 'ಇದು' ಎಂಬ ಅರ್ಥದ 'ಹೊಕ್' ದಕ್ಷಿಣ ಫ್ರಾನ್ಸಿನವರ ಬಾಯಲ್ಲಿ ಸವೆದು 'ಒಕ್' ಆಯಿತು. ಉತ್ತರದವರಿಗೆ ಅಷ್ಟು ಸಾಲಲಿಲ್ಲ. ಅದರ ಬಾಲಕ್ಕೆ ಅವರು ಸರ್ವನಾಮವನ್ನೂ ಕಟ್ಟಿದರು: 'ಇದು ನಾನು', 'ಇದು ಅವನು'. ಕಾಲಕ್ರಮದಲ್ಲಿ 'ಅವನು' ಒಬ್ಬನೇ ಉಳಿದು 'ಒಯಿಲ್' ಎಂಬ ಪದ ನಿಂತಿತು. ಅದೇ ಇಂದಿನ ಫ್ರೆಂಚರ 'ವಿ'. ಪ್ಯಾರಿಸಿನ ಮದುಮಗಳು ಮದುವೆಗೆ ಒಪ್ಪಿ 'ವಿ' ಎನ್ನುವಾಗ ಪದದ ಮೂಲವನ್ನು ಹಿಡಿದರೆ 'ಇದು ಅವನು' ಎಂದಂತಾಗುತ್ತದೆ. ಆ ಸಂದರ್ಭಕ್ಕೆ ತಕ್ಕ ಮಾತೇ ಬಿಡಿ. ಇಟಲಿಯವರು 'ಹೀಗೆ' ಎಂಬ ಅರ್ಥದ 'ಸಿಕ್' ಅನ್ನು 'ಸಿ' ಮಾಡಿಕೊಂಡರು.

ಈ ಮೂರನ್ನೂ ಒಂದು ಸಾಲಿನಲ್ಲಿ ನಿಲ್ಲಿಸಿ ನೋಡಿದವನು ಕವಿ ಡಾಂಟೆ. ಫ್ಲಾರೆನ್ಸಿನಿಂದ ಗಡಿಪಾರಾಗಿದ್ದ ಕಾಲದಲ್ಲಿ ಆಡುನುಡಿಯ ಹಿರಿಮೆಯ ಬಗ್ಗೆ ಆತ ಗ್ರಂಥವೊಂದನ್ನು ಬರೆಯತೊಡಗಿದ, ಅದೂ ಲ್ಯಾಟಿನ್ನಿನಲ್ಲಿ! ಅದರಲ್ಲಿ ಒಕ್, ಒಯಿಲ್, ಸಿ ಎನ್ನುವವರೆಂದು ಜನರನ್ನು ವಿಂಗಡಿಸಿದ. ಮುಂದೆ ತನ್ನ ಮಹಾಕಾವ್ಯದ ನರಕದಲ್ಲಿಯೂ ಇಟಲಿಯನ್ನು 'ಸಿ' ಎಂಬ ದನಿ ಕೇಳುವ ಚೆಲುವ ನಾಡು ಎಂದು ಕರೆದ.

ಒಯಿಲ್ ಎನ್ನುವವರ ಕೈಯಲ್ಲಿ ಸಿಂಹಾಸನವಿತ್ತು. 1539ರಲ್ಲಿ ದೊರೆ ಮೊದಲನೆಯ ಫ್ರಾನ್ಸ್ವಾ ನ್ಯಾಯಾಲಯದ ಕಾಗದಪತ್ರಗಳೆಲ್ಲ ಫ್ರೆಂಚಿನಲ್ಲಿರಬೇಕೆಂದು ಅಪ್ಪಣೆ ಹೊರಡಿಸಿದ. ಒಕ್ ನುಡಿ ಮೆಲ್ಲಗೆ ಕಚೇರಿಯಿಂದ ಹೊಲಮನೆಗೆ ಸರಿಯಿತು. ಆದರೂ 1904ರಲ್ಲಿ ಅದೇ ನುಡಿಯ ಕವಿ ಮಿಸ್ತ್ರಾಲ್‌ಗೆ ನೊಬೆಲ್ ಬಂದಿತು. 2016ರಲ್ಲಿ ಸರ್ಕಾರವೇ ಹೊಸ ಆಡಳಿತ ಪ್ರದೇಶಕ್ಕೆ 'ಒಕ್ಸಿತಾನಿ' ಎಂದು ಹೆಸರಿಟ್ಟಿತು.

ಇಂಗ್ಲಿಷಿನವರ ಬಳಿ ಹಿಂದೆ ನಾಲ್ಕು ಪದಗಳಿದ್ದವು. ನೇರ ಪ್ರಶ್ನೆಗೆ 'ಯೇ', 'ನೇ'. ಇಲ್ಲವೆಂಬ ಧಾಟಿಯ ಪ್ರಶ್ನೆಗೆ 'ಯೆಸ್', 'ನೋ'. ಬೈಬಲನ್ನು ಇಂಗ್ಲಿಷಿಗೆ ತಂದ ಟಿಂಡೇಲ್ ಈ ಭೇದ ತಿಳಿಯದವನೆಂದು 1532ರಲ್ಲಿ ಇಂಗ್ಲೆಂಡಿನ ಪಂಡಿತ ಥಾಮಸ್ ಮೋರ್ ತರಾಟೆಗೆ ತೆಗೆದುಕೊಂಡ. ಪಾಠ ಹೇಳುವ ಭರದಲ್ಲಿ, ಕೊನೆಗೆ ನಿಯಮವನ್ನು ತಾನೇ ತಲೆಕೆಳಗು ಮಾಡಿ ಬರೆದ. ವ್ಯಾಕರಣದ ಮೇಷ್ಟ್ರುಗಳನ್ನು ಕಂಡರೆ ಹೆದರುವ ನನಗೆ ಈ ಪ್ರಸಂಗ ನೆನೆದಾಗಲೆಲ್ಲ ಹಾಲು ಕುಡಿದಷ್ಟು ಸಂತೋಷ.

ನಮ್ಮ 'ಹೌದು' ಕೂಡ ಸವೆದ ನಾಣ್ಯವೇ. ಹಳಗನ್ನಡದ 'ಅಪ್ಪುದು' ಎಂದರೆ ಆಗುವುದು; ಅದು 'ಅಹುದು' ಆಗಿ, ಕೊನೆಗೆ 'ಹೌದು' ಆಯಿತು. ಅಲ್ಲಗಳೆಯುವುದಕ್ಕಾದರೆ 'ಅಲ್ಲ', 'ಇಲ್ಲ' ಎಂದು ಎರಡಿವೆ. ನಮ್ಮಲ್ಲಿಲ್ಲದಿರುವುದು ಇಲ್ಲವೆಂಬ ಪ್ರಶ್ನೆಗೆ ಎದುರು ಹೇಳಲೆಂದೇ ಮೀಸಲಿಟ್ಟ ಪದ. ಫ್ರೆಂಚರಿಗೆ ಅಲ್ಲಿ 'ಸಿ' ಇದೆ, ಜರ್ಮನರಿಗೆ 'ಡೊಖ್' ಇದೆ. ಅದರ ಬೆಲೆ ತಿಳಿದದ್ದು ಮೊನ್ನೆ. ನಾನು ಚೀಲ ಕೆಳಗಿಡುವಷ್ಟರಲ್ಲಿ ಅಡುಗೆಮನೆಯಿಂದ ಪ್ರಶ್ನೆ ಬಂತು: 'ಕೊತ್ತಂಬರಿ ಸೊಪ್ಪು ತರಲಿಲ್ಲವೇ?' ತಂದಿದ್ದೆ. 'ಹೌದು' ಎಂದೆ. ಆಮೇಲಿನ ಐದು ನಿಮಿಷದ ಮಾತುಕತೆಯಲ್ಲಿ, ಚೀಲದ ತಳದಲ್ಲಿದ್ದ ಸೊಪ್ಪನ್ನು ತೆಗೆದು ತೋರಿಸಲು ನನಗೆ ಎಡೆಯೇ ಸಿಗಲಿಲ್ಲ.